ಕಾಣುತ್ತಿರುವಾಗಲೇ ಕಣ್ಣು ತೋರಿಸಿ

ಕಣ್ಣಿನ ವಿಷಯದಲ್ಲಿ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತಿರುವ ರೋಗ ಒಂದೇ, ಪೊರೆ. ವಯಸ್ಸಾಗುತ್ತದೆ, ಕಣ್ಣು ಮಂಜಾಗುತ್ತದೆ. ಹಿಂದೆಲ್ಲ "ಇನ್ನೂ ಬಲಿತಿಲ್ಲ, ಬಲಿಯಲಿ" ಎಂದು ಡಾಕ್ಟರೇ ವಾಪಸ್ ಕಳಿಸುತ್ತಿದ್ದರು. ಬಲಿತ ಮೇಲೆ ಆಪರೇಷನ್. ಪಟ್ಟಿ ಬಿಚ್ಚಿದರೆ ಮತ್ತೆ ಮೊಮ್ಮಕ್ಕಳ ಮುಖ ಕಾಣುತ್ತದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ಮಾಡಿ ಲಕ್ಷಾಂತರ ಜನರ ಪೊರೆ ತೆಗೆದರು. ನಮ್ಮ ಅಜ್ಜ ಅಜ್ಜಿಯರ ಕಾಲದವರಿಗೆ ಕಣ್ಣಿನ ಡಾಕ್ಟರ್ ಅಂದರೆ ಅವರೇ. ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವ ಇದೆ.

ಆದರೆ ಪೊರೆಯಿಂದಾಗಿ ನಮ್ಮಲ್ಲಿ ಒಂದು ಅಭ್ಯಾಸ ಬೇರೂರಿತು. ಕಾಣದೇ ಹೋದಾಗ ಡಾಕ್ಟರ ಹತ್ತಿರ ಹೋದರಾಯಿತು, ಹೋದ ದೃಷ್ಟಿ ಆಪರೇಷನ್ ಮಾಡಿಸಿದರೆ ವಾಪಸ್ ಬರುತ್ತದೆ ಎಂಬ ನಂಬಿಕೆ ಅದು. ಪೊರೆಯ ಮಟ್ಟಿಗೆ ಬಹುಪಾಲು ನಿಜ. ಕಣ್ಣಿನ ಉಳಿದ ದೊಡ್ಡ ರೋಗಗಳಿಗೆ ಈ ಲೆಕ್ಕ ಹಿಡಿದರೆ ಕಣ್ಣೇ ಹೋಗುತ್ತದೆ. ಅವು ಕಾಣುವುದನ್ನು ಕೆಡಿಸುವ ಹೊತ್ತಿಗೆ ಒಳಗೆ ತುಂಬಾ ಕೆಲಸ ಮುಗಿಸಿರುತ್ತವೆ. ಅಷ್ಟೇ ಅಲ್ಲ, ಕಣ್ಣಿನೊಳಗೆ ಕಾಣುವ ಎಷ್ಟೋ ಗುರುತುಗಳು ಕಣ್ಣಿಗೆ ಸಂಬಂಧಿಸಿದವೇ ಅಲ್ಲ. ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ, ಮೆದುಳು, ಕೆಲವು ಸಲ ರಕ್ತದ ಕ್ಯಾನ್ಸರ್ ಕೂಡ ಅಲ್ಲಿ ಗುರುತು ಬಿಟ್ಟಿರುತ್ತವೆ. ನಾನು ಡಾಕ್ಟರಲ್ಲ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಕೇಳಿ, ಓದಿ ತಿಳಿದುಕೊಂಡವಳು. ಗೊತ್ತಿದ್ದರೆ ಎಷ್ಟೋ ಮನೆಗಳಲ್ಲಿ ಒಂದು ಕಣ್ಣಾದರೂ ಉಳಿಯುತ್ತಿತ್ತು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿಕೊಂಡು ಬಂದವರು "ಕಣ್ಣು ಟೆಸ್ಟ್ ಮಾಡಿಸಿದೆ" ಎನ್ನುತ್ತಾರೆ. ನಂಬರ್ ನೋಡಿಸುವುದು ಬೇಕೇ ಬೇಕು. ಚಾಳೀಸು ಬಂದು ಸೂಜಿಗೆ ದಾರ ಪೋಣಿಸಲಾಗದ ಟೈಲರ್‌ಗೆ ಒಂದು ಸರಿಯಾದ ಕನ್ನಡಕ ಎಂದರೆ ಜೀವನೋಪಾಯ. ಆದರೆ ಗೋಡೆಯ ಮೇಲಿನ ಅಕ್ಷರ ಓದುವಾಗ ನಾವು ಬಳಸುವುದು ಕಣ್ಣಿನ ಹಿಂಭಾಗದ ಪರದೆಯ, ಅಂದರೆ ರೆಟಿನಾದ, ನಟ್ಟನಡುವಿನ ಒಂದು ಸಣ್ಣ ಜಾಗ ಮಾತ್ರ. ಅದಕ್ಕೆ ಮ್ಯಾಕ್ಯುಲಾ ಎನ್ನುತ್ತಾರೆ. ಬೆಳಕು ಅಲ್ಲಿಗೆ ಸರಿಯಾಗಿ ಬೀಳುತ್ತಿದೆ, ಆ ಜಾಗ ಕೆಲಸ ಮಾಡುತ್ತಿದೆ ಎಂಬುದಷ್ಟೇ ಆ ಪರೀಕ್ಷೆಯಿಂದ ಗೊತ್ತಾಗುತ್ತದೆ. ಸುತ್ತಲಿನ ರೆಟಿನಾ, ಅದರ ರಕ್ತನಾಳಗಳು, ಮೆದುಳಿಗೆ ಹೋಗುವ ನರ, ಕಣ್ಣಿನ ಪ್ರೆಷರ್ ಇವುಗಳ ಬಗ್ಗೆ ಏನೂ ಗೊತ್ತಾಗುವುದಿಲ್ಲ. ದೃಷ್ಟಿ ಸರಿಯಾಗಿದೆ ಎನ್ನಿಸುವ 6/6 ಸಾಲನ್ನು ಸರಾಗವಾಗಿ ಓದುವವರ ಕಣ್ಣಿನೊಳಗೂ ರಕ್ತ ಸೋರುತ್ತಿರಬಹುದು.

ನಮ್ಮ ಚಿಕ್ಕಪ್ಪನಿಗೆ ಆದದ್ದು ಇದೇ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಬಹಳ ವರ್ಷಗಳಿಂದ ಶುಗರ್ ಇದೆ, ಮಾತ್ರೆ ತಪ್ಪದೆ ನುಂಗುತ್ತಾರೆ. ಕಣ್ಣು ತೋರಿಸಿ ಎಂದರೆ, "ತೂಕದ ಚೀಟಿ ಓದ್ತೀನಿ, ಪೇಪರ್ ಓದ್ತೀನಿ. ಎಲ್ಲಾ ಕಾಣುತ್ತೆ ಕಣಮ್ಮಾ, ಸುಮ್ನೆ ಯಾಕೆ ಡ್ರಾಪ್ಸ್ ಹಾಕಿಸ್ಕೊಂಡು ಒಂದು ದಿನ ಹಾಳು ಮಾಡೋದು?" ಎನ್ನುತ್ತಿದ್ದರು. ಕೊನೆಗೆ ಚಿಕ್ಕಮ್ಮನ ಪೊರೆ ತೋರಿಸಲು ಬೆಂಗಳೂರಿಗೆ ಬಂದಾಗ, ಬಂದದ್ದು ಬಂದಿದ್ದೀರಿ ಎಂದು ಅವರ ಹೆಸರನ್ನೂ ಬರೆಸಿದೆವು. ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದರು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಒಳಗೆ ನೋಡಿದ ಡಾಕ್ಟರಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋಟೋ ತೆಗೆಸಿ ಸ್ಕ್ರೀನಿನ ಮೇಲೆ ತೋರಿಸುತ್ತಾ ಹೇಳಿದರು. "ಯಜಮಾನ್ರೇ, ನೀವು ಅಕ್ಷರ ಓದೋ ಜಾಗ ಇನ್ನೂ ಚೆನ್ನಾಗಿದೆ. ಅದರ ಸುತ್ತ ಚೆನ್ನಾಗಿಲ್ಲ. ಇವತ್ತು ಬಂದಿದ್ದು ಒಳ್ಳೇದಾಯ್ತು."

ಆ ಫೋಟೋ ನಾನೂ ನೋಡಿದೆ. ಕೇಸರಿ ಕೆಂಪಿನ ಹಿನ್ನೆಲೆ. ಮೂಗಿನ ಕಡೆಗೆ ಒಂದು ತಿಳಿ ಹಳದಿ ದುಂಡು. ಅದು ಕಣ್ಣಿನ ನರ ಶುರುವಾಗುವ ಜಾಗ. ಅಲ್ಲಿಂದ ಕವಲೊಡೆದು ಹರಡಿದ ರಕ್ತನಾಳಗಳು. ಅವುಗಳ ನಡುವೆ ಅಲ್ಲಲ್ಲಿ ಕಡುಗೆಂಪು ಚುಕ್ಕೆಗಳು, ಕೆಲವು ಕಡೆ ಹಳದಿ ಕಲೆಗಳು. ಮಚ್ಚೆ ಇರಬೇಕು ಎಂದುಕೊಂಡು ದಾಟಿಬಿಡಬಹುದಾದಷ್ಟು ಚಿಕ್ಕವು.

ಇಲ್ಲಿ ನನಗೆ ತುಂಬಾ ಆಶ್ಚರ್ಯ ಅನ್ನಿಸುವ ಸಂಗತಿ ಇದೆ. ನಮ್ಮ ಇಡೀ ದೇಹದಲ್ಲಿ ಚರ್ಮ ಕೊಯ್ಯದೆ, ಎಕ್ಸ್‌ರೇ ಇಲ್ಲದೆ, ಬಣ್ಣದ ಔಷಧ ಚುಚ್ಚದೆ ರಕ್ತನಾಳಗಳನ್ನು ಮತ್ತು ಒಂದು ನರದ ತುದಿಯನ್ನು ನೇರವಾಗಿ ನೋಡಬಹುದಾದ ಜಾಗ ಇದೊಂದೇ. ರೆಟಿನಾ ಭ್ರೂಣದಲ್ಲಿ ಹುಟ್ಟುವುದೇ ಮೆದುಳಿನ ಭಾಗವಾಗಿ. ಅದರ ಮುಂದಿರುವ ಕರಿಗುಡ್ಡೆಯ ಪದರ, ಲೆನ್ಸ್, ಒಳಗಿನ ಲೋಳೆ ಎಲ್ಲವೂ ಪಾರದರ್ಶಕ. ಹಾಗಿದ್ದರೂ ಸಾವಿರಾರು ವರ್ಷ ಮನುಷ್ಯ ಅದನ್ನು ನೋಡಲು ಆಗಿರಲಿಲ್ಲ. ಪಾಪೆ ಯಾವಾಗಲೂ ಕಪ್ಪಾಗಿಯೇ ಕಾಣುತ್ತಿತ್ತು. ಕಣ್ಣಿನೊಳಗೆ ಹೋದ ಬೆಳಕು ಬಂದ ದಾರಿಯಲ್ಲೇ ವಾಪಸ್ ಹೊರಡುತ್ತದೆ. ಅದನ್ನು ನೋಡಬೇಕಾದರೆ ನಮ್ಮ ಕಣ್ಣು ಆ ದಾರಿಯಲ್ಲೇ ಇರಬೇಕು. ಇಟ್ಟರೆ ನಮ್ಮ ತಲೆಯೇ ಬೆಳಕಿಗೆ ಅಡ್ಡ.

ಈ ತೊಡಕನ್ನು ಬಿಡಿಸಿದವರು ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್. ವಿದ್ಯಾರ್ಥಿಗಳಿಗೆ ಪಾಠ ಮಾಡಲು ಸಿದ್ಧವಾಗುವಾಗ ಅವರಿಗೆ ಹೊಳೆಯಿತು. ಗಾಜಿನ ತುಂಡುಗಳನ್ನು ಓರೆಯಾಗಿಟ್ಟು ದೀಪದ ಬೆಳಕನ್ನು ಕಣ್ಣೊಳಗೆ ಪ್ರತಿಫಲಿಸಿ, ಅದೇ ಗಾಜಿನ ಮೂಲಕ ನೋಡಿದರು. 1851ರಲ್ಲಿ ಆ ಉಪಕರಣದ ಬಗ್ಗೆ ಪ್ರಕಟಿಸಿದರು. ಅದೇ ಆಫ್ತಾಲ್ಮೋಸ್ಕೋಪ್. ಕಂಪ್ಯೂಟರ್ ಚರಿತ್ರೆಯಲ್ಲಿ ಹೆಸರು ಬರುವ ಚಾರ್ಲ್ಸ್ ಬ್ಯಾಬೇಜ್ ಅದಕ್ಕೂ ಮೊದಲೇ, 1847ರಲ್ಲಿ, ಇಂಥದ್ದೊಂದನ್ನು ಮಾಡಿ ಕಣ್ಣಿನ ಡಾಕ್ಟರೊಬ್ಬರಿಗೆ ತೋರಿಸಿದ್ದರು. ಆ ಡಾಕ್ಟರು ಅದರ ಬೆಲೆ ಅರಿಯದೆ ಸುಮ್ಮನಾದರು. ಹೆಲ್ಮ್‌ಹೋಲ್ಟ್ಸ್ ನಂತರ ಕೆಲವೇ ವರ್ಷಗಳಲ್ಲಿ ಸಕ್ಕರೆ ಕಾಯಿಲೆಯವರ ರೆಟಿನಾದಲ್ಲಿ ಹಳದಿ ಕಲೆಗಳಿರುವುದನ್ನು ಕಣ್ಣಿನ ಡಾಕ್ಟರ್ ಎಡುವರ್ಡ್ ಯೇಗರ್ ಗುರುತಿಸಿದರು. ಚಿಕ್ಕಪ್ಪನ ಫೋಟೋದಲ್ಲಿ ಇದ್ದದ್ದೂ ಅದೇ ಜಾತಿಯ ಕಲೆ.

ಶುಗರ್ ಕಣ್ಣಿಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಮನೆಮನೆಯ ವಿಷಯ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಕೂದಲಿಗಿಂತ ತೆಳುವಾದ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ಗೋಡೆ ಅಲ್ಲಲ್ಲಿ ಉಬ್ಬುತ್ತದೆ. ಉಬ್ಬಿದಲ್ಲಿಂದ ರಕ್ತ, ನೀರು, ಕೊಬ್ಬು ಸೋರುತ್ತದೆ. ಕೆಂಪು ಚುಕ್ಕೆ, ಹಳದಿ ಕಲೆ ಎಂದರೆ ಇವೇ. ಆ ನೀರು ಮ್ಯಾಕ್ಯುಲಾದಲ್ಲಿ ತುಂಬಿಕೊಂಡರೆ ಓದುವುದು ಕಷ್ಟವಾಗುತ್ತದೆ. ಬೇರೆ ಕಡೆ ತುಂಬಿದರೆ ಏನೂ ಗೊತ್ತಾಗುವುದಿಲ್ಲ. ಮುಂದಿನ ಹಂತದಲ್ಲಿ ಕೆಲವು ನಾಳಗಳು ಮುಚ್ಚಿಹೋಗುತ್ತವೆ. ಆಮ್ಲಜನಕ ಸಿಗದ ರೆಟಿನಾ ಹೊಸ ನಾಳ ಬೆಳೆಯಲಿ ಎಂದು ರಾಸಾಯನಿಕ ಕಳಿಸುತ್ತದೆ. ಹೊಸವು ಬೆಳೆಯುತ್ತವೆ, ಆದರೆ ಗಟ್ಟಿ ಇರುವುದಿಲ್ಲ. ಒಂದು ಬೆಳಿಗ್ಗೆ ಅವು ಒಡೆದು ಕಣ್ಣೊಳಗೆಲ್ಲ ರಕ್ತ ತುಂಬುತ್ತದೆ. "ರಾತ್ರಿ ಮಲಗುವಾಗ ಚೆನ್ನಾಗಿತ್ತು, ಎದ್ದರೆ ಕಾಣುತ್ತಿಲ್ಲ" ಎಂದು ಜನ ಓಡಿಬರುವುದು ಆಗ. ಅವರ ಮಟ್ಟಿಗೆ ರೋಗ ಅವತ್ತು ಶುರುವಾಯಿತು. ಕಣ್ಣಿನ ಮಟ್ಟಿಗೆ ಅದು ಎಷ್ಟೋ ವರ್ಷ ಹಳೆಯದು.

ಇದಕ್ಕೆ ಚಿಕಿತ್ಸೆ ಇದೆ. ಲೇಸರ್ ಇದೆ, ಕಣ್ಣಿಗೇ ಕೊಡುವ ಇಂಜೆಕ್ಷನ್ ಇದೆ, ತೀರಾ ಮುಂದುವರಿದರೆ ಆಪರೇಷನ್ ಇದೆ. ಹೊಸ ನಾಳ ಬೆಳೆದವರಿಗೆ ಸಮಯಕ್ಕೆ ಸರಿಯಾಗಿ ಲೇಸರ್ ಮಾಡಿದರೆ ಗಂಭೀರವಾಗಿ ದೃಷ್ಟಿ ಹೋಗುವ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ ಎಂಬುದು 1970ರ ದಶಕದಲ್ಲೇ ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ ಸಾಬೀತಾಗಿದೆ. ಆದರೆ ಇವೆಲ್ಲದರ ಮುಖ್ಯ ಉದ್ದೇಶ ಇರುವುದನ್ನು ಉಳಿಸಿಕೊಳ್ಳುವುದು. ಚಿಕ್ಕಪ್ಪ ಲೇಸರ್ ಮಾಡಿಸಿಕೊಂಡು ಬಂದಾಗ, "ಮೊದಲಿಗಿಂತ ಚೆನ್ನಾಗೇನೂ ಕಾಣ್ತಿಲ್ಲ, ದುಡ್ಡು ದಂಡ" ಎಂದು ಬೇಸರ ಮಾಡಿಕೊಂಡರು. ಪೊರೆ ಆಪರೇಷನ್ ಆದ ಚಿಕ್ಕಮ್ಮನಿಗೆ ಮಾರನೇ ದಿನವೇ ಲೋಕ ಬೆಳ್ಳಗಾಗಿತ್ತು. ಇವರಿಗೆ ಮೊದಲು ಕಂಡಷ್ಟೇ ಕಾಣುತ್ತಿತ್ತು. ಮೊದಲಿನಷ್ಟೇ ಕಾಣುವುದೇ ಇಲ್ಲಿ ಗೆಲುವು ಎಂದು ಅರ್ಥ ಮಾಡಿಸುವುದು ಬಹಳ ಕಷ್ಟ. ಡಾಕ್ಟರುಗಳಿಗೂ ಇದು ದಿನನಿತ್ಯದ ಕಷ್ಟ ಎಂದು ಆ ಡಾಕ್ಟರಮ್ಮ ಹೇಳಿದರು. ಲೇಸರ್ ಆಗಿ ದೃಷ್ಟಿ ಹೆಚ್ಚಾಗಲಿಲ್ಲ ಎಂದು ಬೇಸತ್ತು ಎಷ್ಟೋ ಜನ ಮತ್ತೆ ಬರುವುದೇ ಇಲ್ಲವಂತೆ.

ಅವತ್ತು ಡಾಕ್ಟರಮ್ಮ ಇನ್ನೊಂದು ಕೆಲಸ ಮಾಡಿದರು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ನೋಡಿಸಿ, ಶುಗರ್ ಡಾಕ್ಟರಿಗೆ ಈ ಚೀಟಿ ತೋರಿಸಿ ಎಂದು ಬರೆದುಕೊಟ್ಟರು. ಕಣ್ಣಿನ ಸಣ್ಣ ನಾಳಗಳು ಕೆಟ್ಟಿದ್ದರೆ ಕಿಡ್ನಿಯ ಸಣ್ಣ ನಾಳಗಳೂ ಕೆಡುತ್ತಿರುವ ಸಾಧ್ಯತೆ ಹೆಚ್ಚು. ಎರಡರಲ್ಲೂ ನಾಳಗಳು ಅಷ್ಟೇ ಸೂಕ್ಷ್ಮ. ಕಣ್ಣಿನಲ್ಲಾದರೆ ನೋಡಬಹುದು, ಕಿಡ್ನಿಯಲ್ಲಿ ನೋಡಲಾಗುವುದಿಲ್ಲ. ಆ ಚೀಟಿ ಶುಗರ್ ಡಾಕ್ಟರಿಗೆ ತಲುಪಿತು, ಮಾತ್ರೆ ಬದಲಾಯಿತು. ನನ್ನ ಪ್ರಕಾರ ಕಣ್ಣಿನ ಪರೀಕ್ಷೆಯ ಅರ್ಧ ಬೆಲೆ ಇರುವುದು ಈ ಚೀಟಿಯಲ್ಲಿ. ಕಣ್ಣಿನ ಡಾಕ್ಟರು ಕಂಡದ್ದು ಫೈಲಿನಲ್ಲೇ ಉಳಿದರೆ ದೇಹದ ಉಳಿದ ಭಾಗಕ್ಕೆ ಏನೂ ಉಪಯೋಗವಿಲ್ಲ.

ಯಾವಾಗ ತೋರಿಸಬೇಕು? ದೊಡ್ಡವರಾದ ಮೇಲೆ ಬರುವ ಟೈಪ್ 2 ಶುಗರ್ ಆದರೆ, ಇದೆ ಎಂದು ಗೊತ್ತಾದ ಕೂಡಲೇ ಒಮ್ಮೆ. ಅದು ಗೊತ್ತಾಗುವ ಹೊತ್ತಿಗೆ ಬಂದು ಎಷ್ಟು ಕಾಲವಾಗಿರುತ್ತದೋ ಹೇಳಲಾಗದು. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಅಥವಾ ಡಾಕ್ಟರು ಹೇಳಿದ ಹಾಗೆ. ಚಿಕ್ಕ ವಯಸ್ಸಿನಲ್ಲೇ ಬರುವ ಟೈಪ್ 1 ಆದರೆ ಕಾಯಿಲೆ ಬಂದ ಐದು ವರ್ಷದೊಳಗೆ ಶುರು ಮಾಡಬೇಕು. ಮೊದಲೇ ಶುಗರ್ ಇರುವ ಹೆಣ್ಣುಮಕ್ಕಳು ಬಸುರಿಯಾದರೆ ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು, ಬಸಿರಿನಲ್ಲಿ ಇದು ವೇಗವಾಗಿ ಹೆಚ್ಚಾಗಬಹುದು. ಕನ್ನಡಕದ ನಂಬರ್ ಪದೇ ಪದೇ ಬದಲಾಗುತ್ತಿದ್ದರೆ ಅಂಗಡಿ ಬದಲಿಸುವ ಮೊದಲು ಶುಗರ್ ನೋಡಿಸಿ. ರಕ್ತದ ಸಕ್ಕರೆ ಏರಿಳಿದಾಗ ಕಣ್ಣಿನ ಲೆನ್ಸ್ ಕೂಡ ಊದಿ ಇಳಿಯುತ್ತದೆ, ಪವರ್ ಬದಲಾಗುತ್ತದೆ. ಸಕ್ಕರೆ ಕಾಯಿಲೆ ಇದೆ ಎಂಬುದು ಹೀಗೆ ಕನ್ನಡಕದ ಅಂಗಡಿಯಲ್ಲೇ ಬಯಲಾದದ್ದೂ ಉಂಟು.

ಬಿಪಿಯ ಗುರುತು ಬೇರೆ ಥರ. ಒತ್ತಡ ತಾಳಲಾರದೆ ರಕ್ತ ಒಯ್ಯುವ ನಾಳಗಳು ಸಣ್ಣಗಾಗಿ ಗಡುಸಾಗುತ್ತವೆ. ರೆಟಿನಾದಲ್ಲಿ ಅವು ವಾಪಸ್ ಬರುವ ನಾಳಗಳನ್ನು ದಾಟುವ ಕಡೆ, ಒಂದು ಪೈಪಿನ ಮೇಲೆ ಇನ್ನೊಂದು ಬಿಗಿಯಾಗಿ ಕೂತು ಅದುಮಿದ ಹಾಗೆ ಕಾಣುತ್ತದೆ. ಒತ್ತಡ ತುಂಬಾ ಏರಿದರೆ ರಕ್ತದ ಗೀರುಗಳು, ಬಿಳಿ ಮಚ್ಚೆಗಳು, ಕೊನೆಗೆ ನರದ ತುದಿಯೇ ಊದಿಕೊಳ್ಳುತ್ತದೆ. ಅಷ್ಟಾಗಿದ್ದರೆ ಕಣ್ಣಿನ ಡಾಕ್ಟರು ಡ್ರಾಪ್ಸ್ ಬರೆಯುತ್ತಾ ಕೂರುವುದಿಲ್ಲ, ಅಲ್ಲೇ ಬಿಪಿ ನೋಡಿ ಸೀದಾ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಬಿಪಿಗೆ ನೋವಿಲ್ಲ, ಆದ್ದರಿಂದ ಎಷ್ಟೋ ಜನ ಅದನ್ನು ಅಳೆಸಿಯೇ ಇರುವುದಿಲ್ಲ. ಮೂವತ್ತರ ಹರೆಯದವರು ಕಣ್ಣು ಮಂಜು ಎಂದು ಬಂದು, ಬಿಪಿ ಮತ್ತು ಕಿಡ್ನಿ ತೊಂದರೆ ಒಟ್ಟಿಗೇ ತಿಳಿದು ಹೋಗುವುದೂ ಇದೆ.

ಈಗ ಗ್ಲಾಕೋಮಾ. ಈ ರೋಗದ ಬಗ್ಗೆ ನನಗೆ ಹೆಚ್ಚು ಭಯ, ಯಾಕೆಂದರೆ ಇದು ಸದ್ದೇ ಮಾಡುವುದಿಲ್ಲ. ಕಣ್ಣಿನೊಳಗೆ ಒಂದು ದ್ರವ ಸದಾ ಉತ್ಪತ್ತಿಯಾಗಿ ಸದಾ ಹರಿದುಹೋಗುತ್ತಿರುತ್ತದೆ. ಹರಿದುಹೋಗುವ ದಾರಿ ಕಟ್ಟಿದರೆ ಪ್ರೆಷರ್ ಏರುತ್ತದೆ. ಸಾಮಾನ್ಯ ಪ್ರೆಷರ್ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ ಸುಮಾರು 10ರಿಂದ 21. ಏರಿದ ಪ್ರೆಷರ್ ಕಣ್ಣಿನ ನರದ ಎಳೆಗಳನ್ನು ಒಂದೊಂದಾಗಿ ಸಾಯಿಸುತ್ತದೆ. ಒಂದು ಕಣ್ಣಿನ ನರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿವೆ, ಹಾಗಾಗಿ ಸ್ವಲ್ಪ ಹೋದರೆ ತಿಳಿಯುವುದಿಲ್ಲ. ಹೋಗುವುದೂ ಬದಿಯ ನೋಟದಿಂದ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬುತ್ತದೆ, ಉಳಿದದ್ದನ್ನು ಮೆದುಳು ಊಹಿಸಿ ತುಂಬುತ್ತದೆ. ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿಯೇ ಇರುತ್ತದೆ. ಅಕ್ಷರ ಓದುತ್ತಾರೆ, ಟಿವಿ ನೋಡುತ್ತಾರೆ. ಹೊಸ್ತಿಲು ಎಡವುತ್ತಾರೆ, ಪಕ್ಕದಿಂದ ಬಂದ ಸ್ಕೂಟರ್ ಕಾಣುವುದಿಲ್ಲ, ವಯಸ್ಸಾಯಿತು ಎಂದು ಮನೆಯವರು ಸುಮ್ಮನಾಗುತ್ತಾರೆ. ಸತ್ತ ಎಳೆ ಮತ್ತೆ ಹುಟ್ಟುವುದಿಲ್ಲ. ಇರುವುದನ್ನು ದಿನಾ ಹಾಕುವ ಡ್ರಾಪ್ಸ್, ಲೇಸರ್ ಅಥವಾ ಆಪರೇಷನ್‌ನಿಂದ ಕಾಪಾಡಬಹುದು ಅಷ್ಟೇ.

ಪ್ರೆಷರ್ ಒಂದನ್ನೇ ಅಳೆದರೂ ಸಾಲದು. ಪ್ರೆಷರ್ ಸರಿಯಾಗಿದ್ದೂ ಗ್ಲಾಕೋಮಾ ಬರುವವರಿದ್ದಾರೆ. ಅದಕ್ಕೇ ಡಾಕ್ಟರು ನರದ ತುದಿಯನ್ನೂ ನೋಡುತ್ತಾರೆ. ಅದರ ನಡುವಿನ ಗುಳಿ ಎಷ್ಟು ದೊಡ್ಡದಾಗಿದೆ, ಎರಡೂ ಕಣ್ಣಿನಲ್ಲಿ ಒಂದೇ ಸಮ ಇದೆಯಾ ಎಂದು. ಅನುಮಾನ ಬಂದರೆ ಫೀಲ್ಡ್ ಟೆಸ್ಟ್. ಒಂದು ಬಟ್ಟಲಿನಂಥ ಯಂತ್ರಕ್ಕೆ ಮುಖ ಕೊಟ್ಟು, ಮಿನುಗುವ ಬೆಳಕು ಕಂಡಾಗೆಲ್ಲ ಗುಂಡಿ ಒತ್ತಬೇಕು. ಬೇಜಾರಿನ ಪರೀಕ್ಷೆ. ಹಿರಿಯರು ನಡುವೆ ತೂಕಡಿಸುತ್ತಾರೆ. ಆದರೂ ಎರಡನೇ ಸಲವೂ ಕೂರಿಸಿ ಮಾಡಿಸಿ, ಮೊದಲ ಸಲದ ಫಲಿತಾಂಶ ಎಷ್ಟೋ ಸಲ ನಂಬಲು ಯೋಗ್ಯ ಇರುವುದಿಲ್ಲ. ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅಕ್ಕ ಯಾರಿಗಾದರೂ ಗ್ಲಾಕೋಮಾ ಇದ್ದರೆ ಉಳಿದವರಿಗೆ ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಒಬ್ಬರಿಗೆ ಇದೆ ಎಂದು ಗೊತ್ತಾದ ದಿನ ಒಡಹುಟ್ಟಿದವರಿಗೆಲ್ಲ ಫೋನ್ ಮಾಡಿ ಹೇಳಬೇಕು. ಮದುವೆ, ಗೃಹಪ್ರವೇಶಕ್ಕೆ ಅಷ್ಟೆಲ್ಲ ಫೋನ್ ಮಾಡುತ್ತೇವೆ, ಅಲ್ವಾ?

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಣ್ಣು ಕೆಂಪಾಯಿತು, ತುರಿಸುತ್ತದೆ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡ್ರಾಪ್ಸ್‌ನಲ್ಲಿ ಸ್ಟಿರಾಯ್ಡ್ ಇರಬಹುದು. ಹಾಕಿದ ಕೂಡಲೇ ಹಾಯೆನಿಸುತ್ತದೆ. ಹಾಗಾಗಿ ಬಾಟಲಿ ಮುಗಿದರೆ ಇನ್ನೊಂದು. ತಿಂಗಳುಗಟ್ಟಲೆ ಹಾಕಿದರೆ ಕೆಲವರಿಗೆ ಪ್ರೆಷರ್ ಏರಿ ನರ ಸಾಯುತ್ತದೆ, ಪೊರೆಯೂ ಬೇಗ ಬರುತ್ತದೆ. ಅಲರ್ಜಿ ಇರುವ ಮಕ್ಕಳಿಗೆ ಹೀಗಾಗುವುದನ್ನು ಕೇಳಿದಾಗ ಹೊಟ್ಟೆ ಉರಿಯುತ್ತದೆ. ಚೀಟಿ ಇಲ್ಲದೆ ಕಣ್ಣಿನ ಡ್ರಾಪ್ಸ್ ತರಬೇಡಿ. ಹಳೆಯ ಚೀಟಿ ಹಿಡಿದುಕೊಂಡು ಹೋಗಿ ಕೂಡ ತರಬೇಡಿ.

ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಔಷಧಗಳ ವಿಷಯವೂ ಇದೆ. ಕ್ಷಯಕ್ಕೆ ಕೊಡುವ ಎಥಾಂಬುಟಾಲ್ ಕೆಲವರಲ್ಲಿ ಕಣ್ಣಿನ ನರಕ್ಕೆ ತೊಂದರೆ ಮಾಡುತ್ತದೆ. ಮೊದಲು ಕೆಂಪು ಹಸಿರು ಬಣ್ಣಗಳು ಮಾಸಲಾಗಿ ಕಾಣುತ್ತವೆ. ಆಗಲೇ ಡಾಕ್ಟರಿಗೆ ಹೇಳಿದರೆ ಔಷಧ ಬದಲಿಸಿ ಕಣ್ಣು ಉಳಿಸಬಹುದು. ತಾವಾಗಿಯೇ ನಿಲ್ಲಿಸಬಾರದು, ಕ್ಷಯ ಇನ್ನೂ ಕೆಟ್ಟದ್ದು. ಕೀಲುನೋವಿಗೆ, ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್‌ಗೆ ವರ್ಷಾನುಗಟ್ಟಲೆ ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗುವವರು ಶುರುವಿನಲ್ಲಿ ಒಮ್ಮೆ, ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ರೆಟಿನಾ ತೋರಿಸಬೇಕು. ಕಣ್ಣಿನ ಡಾಕ್ಟರ ಮುಂದೆ ಕೂತಾಗ "ಬೇರೆ ಯಾವ ಮಾತ್ರೆ ತಗೋತೀರಿ?" ಎಂದು ಕೇಳಿದರೆ, ಕಣ್ಣಿಗೂ ಅದಕ್ಕೂ ಏನು ಸಂಬಂಧ ಎಂದುಕೊಳ್ಳದೆ ಎಲ್ಲವನ್ನೂ ಹೇಳಿ.

ಮೆದುಳಿನ ಸುದ್ದಿಯೂ ಕಣ್ಣಿನಲ್ಲಿ ಸಿಗುತ್ತದೆ. ತಲೆಬುರುಡೆಯೊಳಗೆ ಒತ್ತಡ ಏರಿದರೆ ಅದು ನರದ ಸುತ್ತಲಿನ ಹೊದಿಕೆಯ ಮೂಲಕ ಕಣ್ಣಿನವರೆಗೂ ಬಂದು ನರದ ತುದಿಯನ್ನು ಊದಿಸುತ್ತದೆ. ಗಡ್ಡೆ ಇರಬಹುದು, ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಹೆರಿಗೆಯಾದ ಹೊಸದರಲ್ಲಿ ಬಾಣಂತಿಯರಿಗೆ ಹೀಗೆ ಹೆಪ್ಪುಗಟ್ಟುವುದುಂಟು, ಅವರ ತಲೆನೋವನ್ನು ಶೀತ ಎಂದು ತಳ್ಳಿಹಾಕಬಾರದು. ತೂಕ ಹೆಚ್ಚಾದ ಯುವತಿಯರಲ್ಲಿ ಗಡ್ಡೆ ಏನೂ ಇಲ್ಲದೆಯೂ ಒತ್ತಡ ಏರುವ ಒಂದು ಸ್ಥಿತಿ ಇದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯ ಕಥೆ ಇನ್ನೂ ವಿಚಿತ್ರ. ಆ ಗ್ರಂಥಿಯ ಮೇಲೆಯೇ ಎರಡೂ ಕಣ್ಣಿನ ನರಗಳು ಕೂಡಿ, ಅರ್ಧ ಎಳೆಗಳು ಅದಲು ಬದಲಾಗುತ್ತವೆ. ಗಡ್ಡೆ ಕೆಳಗಿನಿಂದ ಒತ್ತಿದರೆ ಎರಡೂ ಕಣ್ಣಿನ ಹೊರಬದಿಯ ನೋಟ ಹೋಗುತ್ತದೆ. ಫೀಲ್ಡ್ ಟೆಸ್ಟಿನ ಕಾಗದದ ಮೇಲೆ ಎಡಕ್ಕೊಂದು ಬಲಕ್ಕೊಂದು ಕಪ್ಪು ಅರ್ಧಗಳು ಮೂಡುತ್ತವೆ. ಅದನ್ನು ನೋಡಿದ ಕೂಡಲೇ ತೊಂದರೆ ಎಲ್ಲಿದೆ ಎಂದು ಡಾಕ್ಟರು ಹೇಳಬಲ್ಲರು, ಸ್ಕ್ಯಾನ್ ಆಮೇಲೆ ಅದನ್ನು ಖಚಿತಪಡಿಸುತ್ತದೆ.

ಕಣ್ಣಿನ ಒಳಗೇ ಹೋಗಬೇಕೆಂದೂ ಇಲ್ಲ. ನಮ್ಮೂರಿನ ಡಾಕ್ಟರು ಕೆಳರೆಪ್ಪೆ ಎಳೆದು ನೋಡಿಯೇ "ರಕ್ತ ಕಮ್ಮಿ ಇದೆ" ಎನ್ನುತ್ತಿದ್ದರು. ಕಾಮಾಲೆಯ ಹಳದಿ ಬಿಳಿಗುಡ್ಡೆಯಲ್ಲಿ ಬೇಗ ಕಾಣುತ್ತದೆ. ನಲವತ್ತರ ಒಳಗಿನವರ ಕರಿಗುಡ್ಡೆಯ ಅಂಚಿಗೆ ಬೂದುಬಿಳಿ ಬಳೆ ಮೂಡಿದ್ದರೆ, ರೆಪ್ಪೆಯ ಮೇಲೆ ಹಳದಿ ಗಂಟುಗಳಿದ್ದರೆ ಕೊಲೆಸ್ಟರಾಲ್ ನೋಡಿಸಬೇಕು. ಅದೇ ಬಳೆ ಎಪ್ಪತ್ತರ ಅಜ್ಜನ ಕಣ್ಣಿನಲ್ಲಿದ್ದರೆ ಸಹಜ. ಕಣ್ಣು ಉಬ್ಬಿ, ಬೆಚ್ಚಿ ನೋಡುವಂತೆ ಕಂಡರೆ ಥೈರಾಯ್ಡ್. ಬೆಳಿಗ್ಗೆ ಸರಿಯಿದ್ದ ರೆಪ್ಪೆ ಸಂಜೆಗೆ ಜೋತುಬಿದ್ದರೆ ನರ ಮತ್ತು ಸ್ನಾಯುಗಳ ನಡುವಿನ ಕಾಯಿಲೆಯೊಂದರ ಅನುಮಾನ. ಕರಿಗುಡ್ಡೆಯ ಅಂಚಿಗೆ ಕಂದು ಹಸಿರು ಉಂಗುರ ಇದ್ದರೆ ದೇಹದಲ್ಲಿ ತಾಮ್ರ ಶೇಖರವಾಗಿ ಲಿವರ್, ಮೆದುಳು ಹಾಳಾಗುವ ವಿಲ್ಸನ್ ಕಾಯಿಲೆ ಇರಬಹುದು. ಮಕ್ಕಳಿಗೆ ಮುಸ್ಸಂಜೆಯಲ್ಲಿ ಕಣ್ಣು ಕಾಣದೆ ತಡಕಾಡುವುದು, ಬಿಳಿಗುಡ್ಡೆಯ ಮೇಲೆ ನೊರೆಯಂಥ ಮಚ್ಚೆ ಕಾಣುವುದು ವಿಟಮಿನ್ ಎ ಕೊರತೆಯ ಗುರುತು. ಅಂಗನವಾಡಿಯಲ್ಲಿ ಮಕ್ಕಳಿಗೆ ಚಮಚದಲ್ಲಿ ಕುಡಿಸುವ ದ್ರವ ಇದಕ್ಕಾಗಿಯೇ. ನುಗ್ಗೆಸೊಪ್ಪು, ಪರಂಗಿಹಣ್ಣು ಕೂಡ.

ಮಕ್ಕಳ ವಿಷಯ ಬಂದಾಗ ಎರಡು ಸಂಗತಿ ಬಿಡಲಾರೆ. ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಒಂದು ಪಾಪೆ ಕೆಂಪಾಗಿ, ಇನ್ನೊಂದು ಬೆಳ್ಳಗೆ ಹೊಳೆಯುತ್ತಿದ್ದರೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಕೋನ ಬದಲಾದದ್ದೂ ಇರಬಹುದು, ಪೊರೆಯೂ ಇರಬಹುದು, ಆದರೆ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಕೂಡ ಹೀಗೇ ಕಾಣುತ್ತದೆ. ಐದು ವರ್ಷದ ಒಳಗಿನ ಮಕ್ಕಳಲ್ಲೇ ಹೆಚ್ಚು. ಬೇಗ ಸಿಕ್ಕರೆ ಮಗು ಬದುಕುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ.

ಎರಡನೆಯದು ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳದ್ದು. ಅವರ ರೆಟಿನಾದ ರಕ್ತನಾಳಗಳು ಇನ್ನೂ ಬೆಳೆದು ಮುಗಿದಿರುವುದಿಲ್ಲ. ಹೊರಗೆ ಬಂದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದರೆ ರೆಟಿನಾ ಕಿತ್ತುಬಂದು ಮಗು ಕುರುಡಾಗಬಹುದು. 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಹುಟ್ಟಿದ 30 ದಿನದೊಳಗೆ ಕಣ್ಣು ಪರೀಕ್ಷೆ ಆಗಲೇಬೇಕು. ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಮೊದಲೇ ಆಗಬೇಕು. ಇದನ್ನು ನೋಡಬಲ್ಲ ಡಾಕ್ಟರುಗಳು ಜಿಲ್ಲೆಗಳಲ್ಲಿ ತುಂಬಾ ಕಡಿಮೆ. ಇದಕ್ಕೆ ಉಪಾಯ ಹುಡುಕಿದ್ದು ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ. 2008ರಲ್ಲಿ ಶುರುವಾದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಊರೂರಿನ ಶಿಶು ಘಟಕಗಳಿಗೆ ಹೋಗುತ್ತಾರೆ. ಹಸುಗೂಸಿನ ರೆಟಿನಾ ಫೋಟೋ ತೆಗೆದು ಕಳಿಸುತ್ತಾರೆ, ಬೆಂಗಳೂರಿನ ತಜ್ಞರು ನೋಡಿ ಹೇಳುತ್ತಾರೆ. ನಾಳೆ ಬಾ ಎಂದರೆ ಬರಲಾಗದ ಬಡ ತಾಯಂದಿರಿಗೆ ಇದು ಎಷ್ಟು ದೊಡ್ಡ ಉಪಕಾರ ಎಂದು ಯೋಚಿಸಿದಾಗಲೆಲ್ಲ ಮನಸ್ಸು ತುಂಬಿಬರುತ್ತದೆ.

ಕ್ಯಾಮೆರಾ ಎಂದಾಗ, ರೆಟಿನಾ ಫೋಟೋ ತೆಗೆಯುವ ಅಗ್ಗದ ಉಪಕರಣಗಳನ್ನು ಮಾಡುವ ಕಂಪನಿಗಳೂ ಬೆಂಗಳೂರಿನಲ್ಲೇ ಇವೆ. ಫೋರಸ್ ಹೆಲ್ತ್‌ನ ತ್ರಿನೇತ್ರ, ರೆಮಿಡಿಯೋದವರ ಮೊಬೈಲಿಗೆ ಜೋಡಿಸುವ ಕ್ಯಾಮೆರಾ ಇಂಥವು. ಈಗ ಆ ಫೋಟೋಗಳನ್ನು ಕಂಪ್ಯೂಟರೇ ಓದುತ್ತದೆ. 2018ರಲ್ಲಿ ಗೂಗಲ್‌ನ ಸಂಶೋಧಕರು ಸುಮಾರು 2.8 ಲಕ್ಷ ಜನರ ರೆಟಿನಾ ಚಿತ್ರಗಳನ್ನು ಕಲಿಸಿ ನೋಡಿದಾಗ ಯಂತ್ರ ವಯಸ್ಸು, ಬಿಪಿ, ಸಿಗರೇಟು ಸೇದುತ್ತಾರೋ ಇಲ್ಲವೋ ಎಂಬುದನ್ನು ಅಂದಾಜು ಮಾಡಿತು. ಗಂಡೋ ಹೆಣ್ಣೋ ಎಂದೂ ಹೇಳಿತು. ಅನುಭವಿ ಡಾಕ್ಟರು ಎಷ್ಟು ನೋಡಿದರೂ ರೆಟಿನಾ ನೋಡಿ ಗಂಡು ಹೆಣ್ಣು ಹೇಳಲಾರರು! ಇದೆಲ್ಲ ಖುಷಿಯ ವಿಷಯವೇ. ಆದರೆ ಯಂತ್ರ "ತೊಂದರೆ ಇದೆ" ಎಂದ ಮೇಲೆ ಆ ಮನುಷ್ಯ ಲೇಸರ್ ಇರುವ ಆಸ್ಪತ್ರೆಗೆ ಹೋಗಲು ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೊಬ್ಬರು ಬೇಕು. ಶಿಬಿರ ನಡೆಸುವವರು ಎಷ್ಟು ಜನರ ಕಣ್ಣು ನೋಡಿದೆವು ಎಂಬುದರ ಜೊತೆಗೆ ಎಷ್ಟು ಜನ ಚಿಕಿತ್ಸೆಗೆ ತಲುಪಿದರು ಎಂಬುದನ್ನೂ ಲೆಕ್ಕ ಇಡಲಿ ಎಂಬುದು ನನ್ನ ಆಸೆ.

ಹಾಗೆಯೇ ಕಣ್ಣಿನಿಂದ ಎಲ್ಲವೂ ತಿಳಿಯುತ್ತದೆ ಎಂದೂ ನಂಬಬೇಡಿ. ರೆಟಿನಾ ಚೆನ್ನಾಗಿದೆ ಎಂದರೆ ಶುಗರ್ ಇಲ್ಲ ಎಂದಲ್ಲ, ಹೃದಯ ಗಟ್ಟಿ ಎಂದೂ ಅಲ್ಲ. ರಕ್ತ ಪರೀಕ್ಷೆಗೆ, ಬಿಪಿ ಅಳೆಯುವುದಕ್ಕೆ ಇದು ಬದಲಿಯಾಗುವುದಿಲ್ಲ. ಪಾಪೆಯ ಸುತ್ತಲಿನ ಬಣ್ಣದ ಭಾಗದ ಗೆರೆಗಳನ್ನು ನೋಡಿ ಕಿಡ್ನಿ, ಹೊಟ್ಟೆಯ ಕಾಯಿಲೆ ಹೇಳುತ್ತೇವೆ ಎನ್ನುವವರೂ ಇದ್ದಾರೆ. ಅದಕ್ಕೆ ಇರಿಡಾಲಜಿ ಎಂಬ ಹೆಸರಿದೆ. 1979ರಲ್ಲೇ ಇದನ್ನು ಕಿಡ್ನಿ ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದರು. ಯಾರಿಗೆ ಕಾಯಿಲೆ ಇದೆ, ಯಾರಿಗಿಲ್ಲ ಎಂದು ಹೇಳಲು ಇರಿಡಾಲಜಿ ಮಾಡುವವರಿಂದ ಆಗಲಿಲ್ಲ. ಅಲ್ಲಿಗೆ ದುಡ್ಡು ಸುರಿಯಬೇಡಿ.

ಪರೀಕ್ಷೆಗೆ ಹೋಗುವಾಗ ಸ್ವಲ್ಪ ತಯಾರಿ ಇದ್ದರೆ ಒಳ್ಳೆಯದು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಗಾಡಿ ಓಡಿಸಬೇಡಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ತಂಪು ಕನ್ನಡಕ, ಹಳೆಯ ಕನ್ನಡಕ, ಹಳೆಯ ಚೀಟಿ, ಮಾತ್ರೆಗಳ ಪಟ್ಟಿ, ಇತ್ತೀಚಿನ ಶುಗರ್ ರಿಪೋರ್ಟ್ ಜೊತೆಗಿರಲಿ. ನಲವತ್ತು ದಾಟಿದ ಮೇಲೆ ಏನೂ ತೊಂದರೆ ಇಲ್ಲದಿದ್ದರೂ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ. ಪ್ರೆಷರ್ ನೋಡಿದಿರಾ, ನರ ಹೇಗಿದೆ, ರೆಟಿನಾ ಹೇಗಿದೆ, ಮತ್ತೆ ಯಾವಾಗ ಬರಲಿ ಎಂದು ಬಾಯಿಬಿಟ್ಟು ಕೇಳಿ. ಕೇಳಿದರೆ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ, ನಾನು ಕಂಡ ಹೆಚ್ಚಿನವರು ಸಂತೋಷದಿಂದಲೇ ಹೇಳಿದ್ದಾರೆ. ಖರ್ಚಿನ ಚಿಂತೆ ಇದ್ದವರು ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗಕ್ಕೆ, ಬೆಂಗಳೂರಿನಲ್ಲಿದ್ದರೆ ಚಾಮರಾಜಪೇಟೆಯ ಮಿಂಟೋ ಆಸ್ಪತ್ರೆಗೆ ಹೋಗಬಹುದು.

ಕೆಲವು ಸಂದರ್ಭಗಳಲ್ಲಿ ಮಾತ್ರ ವರ್ಷದ ಲೆಕ್ಕ, ಅಪಾಯಿಂಟ್‌ಮೆಂಟ್ ಯಾವುದನ್ನೂ ನೋಡಬಾರದು. ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲತೊಡಗಿದರೆ, ಮಿಂಚು ಹೊಡೆದಂತೆ ಕಂಡರೆ, ಒಂದು ಕಡೆಯಿಂದ ಪರದೆ ಎಳೆದಂತಾದರೆ ರೆಟಿನಾ ಹರಿಯುತ್ತಿರಬಹುದು. ಕಣ್ಣು ಕೆಂಪಾಗಿ, ವಿಪರೀತ ನೋವು, ವಾಂತಿ, ಬಲ್ಬಿನ ಸುತ್ತ ಬಣ್ಣದ ಬಳೆ ಕಂಡರೆ ಪ್ರೆಷರ್ ಥಟ್ಟನೆ ಏರಿರಬಹುದು. ಎಷ್ಟೋ ಜನ ಇದನ್ನು ಪಿತ್ತದ ತಲೆನೋವು ಎಂದುಕೊಂಡು ಮಲಗಿಬಿಡುತ್ತಾರೆ. ಒಂದು ಕಣ್ಣು ಕೆಲವು ನಿಮಿಷ ಪೂರ್ತಿ ಕತ್ತಲಾಗಿ ಮತ್ತೆ ಸರಿಹೋದರೆ, ಸರಿಹೋಯಿತಲ್ಲ ಎಂದು ಸುಮ್ಮನಿರಬೇಡಿ. ಕುತ್ತಿಗೆಯ ರಕ್ತನಾಳದಿಂದ ಹೊರಟ ಒಂದು ಚೂರು ಕಣ್ಣಿನ ನಾಳದಲ್ಲಿ ಸಿಕ್ಕಿಕೊಂಡು ಜಾರಿಹೋಗಿರಬಹುದು. ಮುಂದಿನ ಚೂರು ಮೆದುಳಿಗೆ ಹೋದರೆ ಪಾರ್ಶ್ವವಾಯು. ಅವತ್ತೇ, ರಾತ್ರಿಯಾಗಿದ್ದರೂ ಸರಿ, ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, "ಒಂದು ಕಣ್ಣು ಸ್ವಲ್ಪ ಹೊತ್ತು ಪೂರ್ತಿ ಹೋಗಿತ್ತು" ಎಂದು ಇದೇ ಮಾತಿನಲ್ಲಿ ಹೇಳಿ.